ಹಾಸ್ಯಗಾರನ ಯಜಮಾನಿಕೆ: ಗುಬ್ಬಿ ವೀರಣ್ಣನವರ ರಂಗಜೀವನ

ಯಾದಗಿರಿ, ಶಹಾಪುರ, ಸುರಪುರಗಳ ಕಡೆಯಲ್ಲಿ ದೊಡ್ಡಾಟವನ್ನು ಕಂಡವರಿಗೆ ಸಾರಥಿಯೆಂಬ ಪಾತ್ರದ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ಗಣಪತಿಯ ಸ್ತುತಿಯು ಮುಗಿದು, ಮದ್ದಳೆಯ ನುಡಿತಕ್ಕೆ ಸರಿಯಾಗಿ ಕಿರೀಟ ಭುಜಕೀರ್ತಿಗಳಿಂದ ಮಂಡಿತನಾದ ರಾಜನು ಅಟ್ಟದ ಮೇಲೆ ಬಂದು ಗರ್ಜಿಸಿ ನಿಂತಾಗ, ಆತನನ್ನು ಎದುರುಗೊಂಡು ಹೆಸರು, ಊರು, ಬಂದ ಕಾರ್ಯ ಇವುಗಳನ್ನು ವಿಚಾರಿಸುವವನು ಈ ಸಾರಥಿಯೇ. ರಾಜನ ಉತ್ತರವು ಸಮಾಸಗಳ ಸರಮಾಲೆಯಾಗಿ ಹೊರಡುವುದು. ಸಾರಥಿಯ ಪ್ರಶ್ನೆಯಾದರೋ ಅಟ್ಟದ ಮುಂದೆ ಕಂಬಳಿ ಹಾಸಿ ಕುಳಿತ ರೈತನ ಬಾಯಿಂದಲೇ ಹೊರಟಂತಿರುವುದು. ಜನರು ರಾಜನನ್ನು ಕಂಡು ಬೆರಗಾಗುವರು; ಸಾರಥಿಯನ್ನು ಕಂಡು ನಗುವರು. ಆದರೆ ಕಥೆಯು ಅವರ ಮನಸ್ಸಿಗೆ ಇಳಿಯುವುದು ಸಾರಥಿಯ ಮೂಲಕವಾಗಿಯೇ.

ಈ ಸಾರಥಿಯ ವಂಶಕ್ಕೆ ಸೇರಿದವನು ಕಂಪನಿ ನಾಟಕದ ಹಾಸ್ಯಗಾರ. ಊಟದಲ್ಲಿ ಉಪ್ಪಿನಕಾಯಿ ಹೇಗೋ ನಾಟಕದಲ್ಲಿ ಹಾಸ್ಯವೂ ಹಾಗೆಯೇ, ಎಲೆಯ ತುದಿಯಲ್ಲಿ ಸ್ವಲ್ಪವಿದ್ದರೆ ಸಾಕು ಎಂದು ಭಾವಿಸುವುದು ವಿದ್ಯಾವಂತರಲ್ಲಿ ವಾಡಿಕೆಯಾಗಿದೆ. ನಮ್ಮ ಅಭಿಪ್ರಾಯವು ಇದಕ್ಕಿಂತ ಬೇರೆ. ಸಂಗೀತವೇ ಪ್ರಾಣವಾಗಿ, ಗ್ರಾಂಥಿಕ ಭಾಷೆಯೇ ಆಭರಣವಾಗಿ ಇದ್ದಂತಹ ಒಂದು ರಂಗಭೂಮಿಯಲ್ಲಿ ಜನರ ಆಡುಮಾತಿಗೆ ಎಡೆ ದೊರಕಿಸಿಕೊಟ್ಟವನು ಹಾಸ್ಯಗಾರನೇ. ಆತನು ಎಲೆಯ ತುದಿಯಿಂದ ಅಡುಗೆಮನೆಯ ಯಜಮಾನಿಕೆಗೆ ಏರಿದರೆ ನಾಟಕಕ್ಕೆ ಏನಾಗುವುದೆಂಬುದನ್ನು ಒಬ್ಬ ನಟನ ಜೀವನದಿಂದ ಚೆನ್ನಾಗಿ ತಿಳಿಯಬಹುದು. ಆ ನಟರೇ ಗುಬ್ಬಿ ವೀರಣ್ಣನವರು.

ಗುಬ್ಬಿಯು ತುಮಕೂರಿನ ಸಮೀಪದ ಊರು. ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಕೃಷ್ಣಾ ಭೀಮಾ ನದಿಗಳ ಸೀಮೆಯ ಮಾತಿನಿಂದಾರಂಭಿಸಿ ಅಲ್ಲಿಗೆ ಹೋಗುವುದೇಕೆಂದರೆ, ಕನ್ನಡ ನಾಟಕವೆಂಬುದು ಎಷ್ಟು ಅಗತ್ಯವಾದ ವಸ್ತುವಾಗಿತ್ತೆಂಬುದು ಈ ಸೀಮೆಯಿಂದ ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ. ೧೮೫೭–೫೮ರ ಹೋರಾಟದಲ್ಲಿ ರಾಜಾ ವೆಂಕಟಪ್ಪನಾಯಕರು ಅಳಿದ ಮೇಲೆ ಸುರಪುರವು ಮೊದಲು ಇಂಗ್ಲಿಷರ ವಶವಾಗಿ, ೧೮೬೦ರಲ್ಲಿ ನಿಜಾಮರಿಗೆ ಸೇರಿತು. ಮುಂದೆ ಯಾದಗಿರಿ, ಶಹಾಪುರ, ಸುರಪುರಗಳು ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿ, ೧೯೪೮ರ ಸೆಪ್ಟೆಂಬರಿನವರೆಗೂ ನಿಜಾಮರ ಆಳಿಕೆಯಲ್ಲಿದ್ದುವು. ಆ ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದು; ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ, ಹೊಲದಲ್ಲಿ, ಮಠದಲ್ಲಿ ಕನ್ನಡವಿದ್ದಿತು. ಸಾವಿರ ಜನರು ಸೇರಿದ ಕಡೆ ಎತ್ತರದ ಸ್ಥಾನದಲ್ಲಿ ನಿಂತು ಕನ್ನಡವನ್ನಾಡುವ ಸಂದರ್ಭಗಳು ಮಾತ್ರ ವಿರಳ. ಅಂತಹ ಸಂದರ್ಭಗಳಲ್ಲಿ ದೊಡ್ಡಾಟವೊಂದು, ಜಾತ್ರೆಗೆ ಬಂದ ನಾಟಕವೊಂದು.

ಕಂಪನಿಯೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮುಂಬಯಿಯ ಪಾರ್ಸಿ ಮಂಡಲಿಗಳು ಚಿತ್ರಿಸಿದ ಪರದೆಗಳನ್ನೂ, ಕ್ಷಣಮಾತ್ರದಲ್ಲಿ ಅರಮನೆಯು ಅಡವಿಯಾಗುವ ಚಮತ್ಕಾರವನ್ನೂ, ಕಿವಿಗೆ ಹಿತವಾದ ಮಟ್ಟುಗಳನ್ನೂ ದೇಶದ ಉದ್ದಗಲಕ್ಕೆ ಹರಡಿದುವು. ನಮ್ಮ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಸಂಗೀತ ನಾಟಕವಾಗಿ ಆಡಿಸಿ ಮರಾಠಿಗರನ್ನು ಮರುಳುಗೊಳಿಸಿದರು. ಅದಕ್ಕೆ ಮೊದಲೇ ಗದುಗಿನಲ್ಲಿ ಶಾಂತಕವಿಗಳು, ಕನ್ನಡಿಗರು ಮರಾಠಿ ಆಟಗಳಿಗೆ ಮುಗಿಬೀಳುವುದನ್ನು ಸಹಿಸದೆ, ಕನ್ನಡ ಮಂಡಲಿಯನ್ನು ಕಟ್ಟಿದ್ದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆಯು ಬಸವಪ್ಪಶಾಸ್ತ್ರಿಗಳ ಶಾಕುಂತಲವನ್ನು ಆಡಿತು. ಈ ಎಲ್ಲ ಹೊಳೆಗಳೂ ಬಂದು ಸೇರಿದ ಕೆರೆಯೇ ಕಂಪನಿ ನಾಟಕ. ಇಲ್ಲಿ ನಟನಾದವನು ಮೊದಲು ಗಾಯಕನಾಗಬೇಕು. ಒಂದು ರಾತ್ರಿಯ ಆಟದಲ್ಲಿ ಹಾಡುಗಳು ಹತ್ತಾರು; ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಾದ ಕಾಲವದು. ಧ್ವನಿವರ್ಧಕಗಳಿರಲಿಲ್ಲ. ಕಾಲುಪೆಟ್ಟಿಗೆಯ ಹಾರ್ಮೋನಿಯಮ್ಮನ್ನೂ ತಬಲವನ್ನೂ ಮೀರಿ, ತಗಡಿನ ಕೊಟ್ಟಿಗೆಯ ಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಮುಟ್ಟಬೇಕು. ಮುಟ್ಟದಿದ್ದರೆ ಮರುದಿನ ಟಿಕೀಟು ಹೋಗುವುದಿಲ್ಲ. ಟಿಕೀಟು ಹೋಗದಿದ್ದರೆ ಐವತ್ತು ಅರುವತ್ತು ಜನರಿಗೆ ಅನ್ನವಿಲ್ಲ.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದ್ದು ೧೮೮೪ರಲ್ಲಿ. ಊರಿನ ಕೆಲವು ಗೆಳೆಯರು ಆಸೆಯಿಂದ ಆರಂಭಿಸಿದ ಕೂಟವದು. ಊರೂರು ತಿರುಗುವ ಕಸುಬಾಗಿ ಬೆಳೆದುದು ಕಾಲಕ್ರಮದಲ್ಲಿ. ವೀರಣ್ಣನವರು ಜನಿಸಿದ್ದು ೧೮೯೧ರಲ್ಲಿ. ಆರೇಳು ವರ್ಷದ ಬಾಲಕರಾಗಿರುವಾಗಲೇ ಅವರು ಈ ಕಂಪನಿಯನ್ನು ಸೇರಿದರು. ಶಾಲೆಯ ವಿದ್ಯೆಯು ಅಲ್ಲಿಗೆ ನಿಂತಿತೆಂದೇ ಹೇಳಬಹುದು. ಬೇರೊಂದು ವಿದ್ಯೆಯು ಆರಂಭವಾಯಿತು. ಹುಡುಗನಿಗೆ ಮೊದಲು ಬಾಲಪಾತ್ರ. ದನಿಯು ಇನ್ನೂ ಒಡೆಯದಿರುವಾಗ ಸ್ತ್ರೀಪಾತ್ರ. ಒಡೆದ ಮೇಲೆ ಸಿಕ್ಕಿದ ಪಾತ್ರ. ಅಂದಿನ ಕಂಪನಿಗಳಲ್ಲಿ ಬೆಳೆದವರೆಲ್ಲರೂ ಸಾಮಾನ್ಯವಾಗಿ ಏರಿದ ಮೆಟ್ಟಲುಗಳಿವು. ಹಗಲೆಲ್ಲ ಹಾಡಿನ ಪಾಠ, ಮಾತಿನ ಪಾಠ. ರಾತ್ರಿ ಪಾತ್ರವಿದ್ದರೆ ಅಭಿನಯ, ಇಲ್ಲದಿದ್ದರೆ ಪರದೆಯ ಮರೆಯಲ್ಲಿ ನಿಂತು ಹಿರಿಯರ ಆಟವನ್ನು ನೋಡುವುದು. ಹೀಗೆ ನೋಡುವವನಿಗೆ ಎಲ್ಲರ ಮಾತುಗಳೂ ಕಂಠಸ್ಥವಾಗುವುವು. ಯಾರಿಗಾದರೂ ಜ್ವರ ಬಂದ ದಿನವೇ ಅವನ ಅದೃಷ್ಟದ ದಿನ.

ರೂಪವಂತನೂ ದೀರ್ಘಶ್ವಾಸದ ಗಾಯಕನೂ ಆದವನಿಗೆ ರಾಜನ ಪಾತ್ರವು ಮೀಸಲು. ವೀರಣ್ಣನವರು ನಾನಾ ಪಾತ್ರಗಳನ್ನು ಮಾಡಿದವರಾದರೂ ಜನರು ಅವರನ್ನು ಗುರುತಿಸಿದ್ದು ವಿನೋದಪಾತ್ರಗಳಲ್ಲಿ; ‘ವರ್ಸಟೈಲ್ ಕಮೆಡಿಯನ್’ ಎಂಬ ಇಂಗ್ಲಿಷ್ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು. ಇದು ಎರಡನೆಯ ದರ್ಜೆಯ ಭಾಗ್ಯವೆಂದು ಎಣಿಸಬಾರದು. ನಾಯಕನಿಗೆ ಬರೆದುಕೊಟ್ಟ ಮಾತುಂಟು. ಆತನು ಅದರೊಳಗೆ ಸೆರೆಯಾಳು. ಹಾಸ್ಯಗಾರನಿಗೆ ಕವಿಯು ನಾಲ್ಕು ಸಾಲು ಬರೆದುಕೊಟ್ಟು, ಮಿಕ್ಕುದನ್ನು ಅವನ ಬುದ್ಧಿಗೆ ಬಿಟ್ಟುಬಿಡುವನು. ಅವನು ಆ ಊರಿನ ಸಂತೆಯ ಬೆಲೆಯನ್ನು ತರಬಹುದು, ಕಡೆಯ ಸಾಲಿನ ಕೆಮ್ಮಿಗೆ ಉತ್ತರ ಕೊಡಬಹುದು, ಈಗತಾನೆ ರಾಜನು ಹಾಡಿದ ಗಂಭೀರವಾದ ಮಟ್ಟಿಗೇ ಹೊಟ್ಟೆಪಾಡಿನ ಮಾತುಗಳನ್ನು ಜೋಡಿಸಿ ಹಾಡಬಹುದು. ಈ ಕಡೆಯ ಕೆಲಸವು ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಅಪಸ್ವರವನ್ನು ಬೇಕೆಂದು ಹಾಡಿ ನಗಿಸಬೇಕಾದರೆ ಸ್ವರವು ಎಲ್ಲಿದೆಯೆಂಬುದು ಖಚಿತವಾಗಿ ತಿಳಿದಿರಬೇಕು. ತಾಳವನ್ನು ತಪ್ಪಿಸಿದಂತೆ ನಟಿಸಿ, ಬೀಳುವನೆಂದು ಎಲ್ಲರೂ ಅಂದುಕೊಂಡ ಕ್ಷಣದಲ್ಲಿ ಸಮಕ್ಕೆ ಬಂದು ನಿಲ್ಲುವವನು ತಾಳದಲ್ಲಿ ನಾಯಕನಿಗಿಂತ ಗಟ್ಟಿಗನಾಗಿರಬೇಕು. ಅರ್ಧ ಮಾತು, ಅರ್ಧ ಹಾಡು ಎಂಬಂತಿರುವ ಹಾಸ್ಯದ ಪದವು ಸಂಗೀತವನ್ನರಿಯದವನ ಬಾಯಲ್ಲಿ ಬರಿಯ ಗದ್ದಲವಾಗುವುದು.

ವೀರಣ್ಣನವರ ಹೆಸರಿನೊಡನೆ ಬೆಸೆದುಹೋದ ನಾಟಕ ‘ಸದಾರಮೆ’. ಈ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರಲ್ಲಿ ಬೆಳ್ಳಾವೆ ನರಹರಿಶಾಸ್ತ್ರಿಗಳು ಪ್ರಮುಖರು. ಸದಾರಮೆಯು ವರ್ತಕನ ಮಗಳು, ರಾಜಕುಮಾರನ ಕೈಹಿಡಿಯುವಳು, ಕಷ್ಟಕ್ಕೆ ಸಿಲುಕಿ ಗಂಡನಿಂದ ಅಗಲುವಳು, ಕಳ್ಳನೊಬ್ಬನ ಕೈಗೆ ಸಿಕ್ಕಿ, ಉಪಾಯದಿಂದ ಪಾರಾಗಿ, ಗಂಡುವೇಷವನ್ನು ಧರಿಸಿ ಕಡೆಗೆ ಗಂಡನನ್ನು ಕೂಡುವಳು. ಕಥೆಯಲ್ಲಿ ಕಳ್ಳನಿಗಿರುವ ಸ್ಥಳವು ಬಹು ಸ್ವಲ್ಪ. ಆದರೂ ವೀರಣ್ಣನವರು ಕಳ್ಳನಾದ ಮೇಲೆ ಜನರು ‘ಸದಾರಮೆ’ಗೆ ಹೋಗುತ್ತಿದ್ದುದು ಕಳ್ಳನನ್ನು ನೋಡಲು. ಏಕೆಂಬುದನ್ನು ಯೋಚಿಸಬೇಕು. ಅಲಂಕಾರದ ಭಾಷೆಯನ್ನಾಡುವ ಸಜ್ಜನರ ನಡುವೆ ಈ ಕಳ್ಳನೊಬ್ಬನು ನಾವಾಡುವ ಭಾಷೆಯನ್ನಾಡುವನು. ಅವನ ಆಸೆಗಳು ಸಣ್ಣವು. ಅವುಗಳನ್ನು ಅವನು ಮುಚ್ಚಿಡುವುದಿಲ್ಲ. ಹೆಣ್ಣಿನ ಜಾಣತನಕ್ಕೆ ಸೋತು ಪೆಚ್ಚಾಗಿ ನಿಲ್ಲುವಾಗ, ಕದಿಯಲು ಬಂದವನೇ ಬೋಳಿಸಿಕೊಂಡು ಹೋಗುವ ಆ ನ್ಯಾಯವನ್ನು ಪ್ರೇಕ್ಷಕರು ಯಾರ ಉಪದೇಶವೂ ಇಲ್ಲದೆ ಅರಿಯುವರು. ಕಳ್ಳನ ಮೇಲೆ ಅವರಿಗೆ ಸಿಟ್ಟಿಲ್ಲ. ಇದನ್ನು ಸಾಧಿಸುವುದು ಖಳನ ಪಾತ್ರದಲ್ಲಿ ಕಠಿನವಾದ ಕೆಲಸ. ಹೆದರಿಕೆಯೂ ಇರಬೇಕು, ಪ್ರೀತಿಯೂ ಹುಟ್ಟಬೇಕು.

೧೯೧೭ರಲ್ಲಿ ಕಂಪನಿಯ ಯಜಮಾನಿಕೆಯು ವೀರಣ್ಣನವರ ಕೈಗೆ ಬಂದಿತು. ನಮ್ಮ ದೃಷ್ಟಿಯಲ್ಲಿ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಈ ವರ್ಷಕ್ಕೆ ಇರಬೇಕಾದ ಪ್ರಾಶಸ್ತ್ಯವನ್ನು ಯಾರೂ ಕೊಟ್ಟಂತಿಲ್ಲ. ಆ ಕಾಲದ ದೊಡ್ಡ ಕಂಪನಿಗಳ ಒಡೆಯರು ಯಾರೆಂಬುದನ್ನು ನೋಡಿರಿ. ಮೈಸೂರಿನ ರತ್ನಾವಳಿ ಕಂಪನಿಯ ವರದಾಚಾರ್ಯರು ನಾಯಕನಟರು, ಮಹಾಗಾಯಕರು. ಗದುಗಿನ ಗರುಡ ಸದಾಶಿವರಾಯರು ವೀರರಸಕ್ಕೆ ಹೆಸರಾದ ನಾಯಕನಟರು. ಮರಾಠಿಯ ಬಾಲಗಂಧರ್ವರು ನಾಯಿಕೆಯ ಪಾತ್ರದಲ್ಲಿ ಅದ್ವಿತೀಯರು. ಒಡೆಯನು ನಾಯಕನಾದರೆ ನಾಟಕವು ನಾಯಕನ ಸುತ್ತ ಸುತ್ತುವುದು ಸಹಜ. ಹಾಡಿನ ಮೇಲೆ ಹಾಡು, ಹಾಡಿನೊಳಗೆ ಆಲಾಪ, ಕಥೆಯು ಒಂದು ಮೂಲೆಯಲ್ಲಿ ಕಾಯುತ್ತಾ ನಿಂತಿರುವುದು. ಹಾಸ್ಯಗಾರನು ಒಡೆಯನಾದ ಕಂಪನಿಯ ರೀತಿಯೇ ಬೇರೆ. ಅವನು ರಂಗದ ಮೇಲೆ ಸತತವಾಗಿ ಇರುವವನಲ್ಲ, ಬಂದುಹೋಗುವವನು. ಪರದೆಯ ಸಂದಿನಿಂದ ಪ್ರೇಕ್ಷಕರ ಮುಖವನ್ನು ನೋಡುವುದಕ್ಕೆ ಅವನಿಗೆ ಬಿಡುವುಂಟು. ಜನರು ಎಲ್ಲಿ ಆಕಳಿಸಿದರು, ಎಲ್ಲಿ ಮಗುವನ್ನು ಮಲಗಿಸಿ ಮುಂದಕ್ಕೆ ಬಾಗಿದರು ಎಂಬುದು ಅವನಿಗೆ ತಿಳಿಯುವುದು. ತನ್ನ ಪಾತ್ರವು ಮಿಕ್ಕವರ ಪಾತ್ರಗಳ ನಡುವಣ ಬಿಡುವಿನಲ್ಲಿ ಬೆಳಗತಕ್ಕುದಾದುದರಿಂದ, ಮಿಕ್ಕವರು ಚೆನ್ನಾಗಿದ್ದರೆ ಅವನಿಗೆ ನಷ್ಟವಿಲ್ಲ, ಲಾಭವುಂಟು. ಒಳ್ಳೆಯ ನಟರನ್ನು ಕೂಡಿಹಾಕಿದರೆ ತನ್ನ ಬೆಳಕು ಮಂಕಾಗುವುದೆಂಬ ಭಯವು ನಾಯಕನಾದ ಯಜಮಾನನಿಗಿರಬಹುದು. ಹಾಸ್ಯಗಾರನಾದ ಯಜಮಾನನಿಗೆ ಇರಬೇಕಾದುದಿಲ್ಲ. ವೀರಣ್ಣನವರ ಕಂಪನಿಯು ನಟರ ದೊಡ್ಡ ಶಾಲೆಯಾದುದಕ್ಕೆ ಇದೇ ಮುಖ್ಯ ಕಾರಣವೆಂದು ನಾವು ಎಣಿಸುತ್ತೇವೆ.

ಹೆಂಗಸರ ಪಾತ್ರಗಳಿಗೆ ಹೆಂಗಸರನ್ನೇ ತರಬೇಕೆಂಬ ವಿಷಯದಲ್ಲಿ ದೊಡ್ಡ ಕಂಪನಿಗಳು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಗುಬ್ಬಿಯ ಕಂಪನಿಯು ಆ ದಾರಿಯನ್ನು ಹಿಡಿಯಿತು. ೧೯೧೫ರಲ್ಲಿ ಹುಟ್ಟಿದ ಬಿ. ಜಯಮ್ಮನವರು ಈ ರಂಗದ ಮೇಲೆಯೇ ಬೆಳೆದು, ಮುಂದೆ ಚಲಚ್ಚಿತ್ರದಲ್ಲಿಯೂ ಕೀರ್ತಿಯನ್ನು ಪಡೆದರು. ವೀರಣ್ಣನವರ ಸಂಸಾರವೂ ರಂಗವೂ ಒಂದೇ ಆಗಿದ್ದುವು. ಮಕ್ಕಳಿಗಾಗಿಯೇ ಬೇರೊಂದು ಶಾಖೆಯಿದ್ದಿತು. ಗುಬ್ಬಿಯ ರಂಗದಲ್ಲಿ ಪಳಗಿದವರಲ್ಲಿ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಇವರ ಹೆಸರುಗಳನ್ನು ಹೇಳಿದರೆ ಸಾಕು. ಬಾಲಕರಾಗಿ ಬಂದ ಬಿ. ವಿ. ಕಾರಂತರನ್ನು ಉಚ್ಚ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟವರೂ ವೀರಣ್ಣನವರೇ. ಶಾಲೆಯನ್ನು ಕಾಣದ ಯಜಮಾನರು ಹುಡುಗನೊಬ್ಬನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದುದರ ಫಲವನ್ನು ಮುಂದೆ ಭಾರತದ ರಂಗಭೂಮಿಯೇ ಉಂಡಿತು. ಕಾರಂತರು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು.

ಆಡಂಬರದ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ೧೯೩೦ರ ದಶಕದಲ್ಲಿ ಈ ಕಂಪನಿಯು ಆಡಿದ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬಂದುವು. ಜನರು ದೂರದೂರುಗಳಿಂದ ಹಿಂಡುಹಿಂಡಾಗಿ ಬಂದು ನೋಡಿದರು. ‘ದಶಾವತಾರ’, ‘ಕೃಷ್ಣಲೀಲೆ’ಗಳಲ್ಲಿಯೂ ಯಂತ್ರಚಾತುರ್ಯಕ್ಕೂ ದೀಪಗಳ ವೈಭವಕ್ಕೂ ಕೊರತೆಯಿರಲಿಲ್ಲ. ಇದು ಕಲೆಯ ಉನ್ನತಿಯೋ, ಸಂತೆಯ ಬೆರಗೋ ಎಂದು ಅಂದಿನಿಂದಲೂ ವಾದವುಂಟು. ನಮಗೆ ತೋರುವುದಿಷ್ಟು: ಆನೆಯು ರಂಗಕ್ಕೆ ಬಂದ ಮೇಲೆ ನಟನಿಗೆ ಉಳಿಯುವ ಸ್ಥಳವು ಕಡಮೆ. ಆನೆಯೆದುರಿಗೆ ನಿಂತು ಗೆಲ್ಲಬಲ್ಲವನು ಹಾಸ್ಯಗಾರನೊಬ್ಬನೇ. ಏಕೆಂದರೆ ಆನೆಯನ್ನು ಕುರಿತು ಒಂದು ಮಾತನ್ನು ಆಡುವ ಸ್ವಾತಂತ್ರ್ಯವು ಆತನಿಗುಂಟು, ಅರ್ಜುನನಿಗೆ ಇಲ್ಲ. ಕಂಪನಿಯು ಕನ್ನಡ ನಾಡಿಗೆ ಸೀಮಿತವಾಗದೆ ಆಂಧ್ರ ತಮಿಳುನಾಡುಗಳಲ್ಲಿಯೂ ಸಂಚರಿಸಿತು. ತೆಲುಗಿನಲ್ಲಿ ನಾಟಕಗಳನ್ನು ಆಡಿತು. ಭಾಷೆಯು ಬದಲಾದಾಗ ನಾಯಕನು ಹೊಸ ಮಾತುಗಳನ್ನು ಕಂಠಪಾಠ ಮಾಡಿದರೆ ಸಾಕು. ಹಾಸ್ಯಗಾರನಿಗೆ ಅಷ್ಟು ಸಾಲದು. ಆ ಊರಿನ ಬೈಗಳು, ಗಾದೆ, ಮುದ್ದಿನ ಮಾತು ಇವೆಲ್ಲವೂ ನಾಲಗೆಯ ಮೇಲಿರಬೇಕು.

ಹಾಸ್ಯ ಮತ್ತು ಸಂಗೀತಗಳ ಈ ಸಂಬಂಧವು ನಮ್ಮ ದೇಶಕ್ಕೆ ಮಾತ್ರ ಸೇರಿದ ವಿಚಿತ್ರವೆಂದು ಕೆಲವರು ತಿಳಿದಿರುವರು. ಅದು ಸರಿಯಲ್ಲ. ನ್ಯೂಯಾರ್ಕ್ ನಗರದಲ್ಲಿ ಬ್ರಾಡ್‌ವೇ ಎಂಬ ಬೀದಿಯ ಸುತ್ತಮುತ್ತಣ ನಾಟಕಶಾಲೆಗಳಲ್ಲಿ ಬೆಳೆದ ಸಂಗೀತ ವಿನೋದ ನಾಟಕವು ನಮ್ಮ ಕಂಪನಿ ನಾಟಕದ ದೂರದ ದಾಯಾದಿ. ವೀರಣ್ಣನವರಿಗಿಂತ ಕೆಲವೇ ತಿಂಗಳು ಹಿರಿಯನಾದ ಸ್ಟ್ಯಾನ್ಲಿ ಹಾಲೊವೆ ಎಂಬ ಇಂಗ್ಲಿಷ್ ನಟನ ವೃತ್ತಾಂತವನ್ನು ಇಲ್ಲಿ ಹೋಲಿಸಿ ನೋಡಬಹುದು. ಈತನು ಬಾಲ್ಯದಲ್ಲಿ ಇಗರ್ಜಿಯ ಗಾಯಕವೃಂದದಲ್ಲಿ ಹಾಡಿದವನು. ಮುಂದೆ ಸಮುದ್ರತೀರದ ವಿನೋದಗೋಷ್ಠಿಗಳಲ್ಲಿಯೂ, ಲಂಡನ್ನಿನ ಸಂಗೀತ ನಾಟಕಗಳಲ್ಲಿಯೂ ಹಾಸ್ಯಗಾರನಾದನು. ೧೯೫೬ರಲ್ಲಿ ಬ್ರಾಡ್‌ವೇಯಲ್ಲಿ ‘ಮೈ ಫೇರ್ ಲೇಡಿ’ಯು ಆರಂಭವಾದಾಗ, ಅರುವತ್ತೈದು ವರ್ಷದ ಈ ಮುದುಕನಿಗೆ ಕಸ ಎತ್ತುವ ಡೂಲಿಟ್ಲನ ಪಾತ್ರವು ದೊರೆತು, ಅದರಿಂದ ಆತನ ಹೆಸರು ಲೋಕಪ್ರಸಿದ್ಧವಾಯಿತು. ಆ ನಾಟಕದ ವಸ್ತುವೂ ನಮ್ಮ ವಿಷಯಕ್ಕೆ ಹತ್ತಿರವಾದುದು. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ಅದಕ್ಕೆ ಮೂಲ. ಬೀದಿಯಲ್ಲಿ ಹೂ ಮಾರುವ ಹುಡುಗಿಗೆ ಪಂಡಿತನೊಬ್ಬನು ಶಿಷ್ಟರ ಉಚ್ಚಾರಣೆಯನ್ನು ಕಲಿಸುವ ಕಥೆ. ಹುಡುಗಿಯ ತಂದೆಯಾದ ಡೂಲಿಟ್ಲನು ಮಾತ್ರ ತನ್ನ ಬೀದಿಯ ಭಾಷೆಯನ್ನು ಬಿಡುವುದಿಲ್ಲ. ಆತನು ರಂಗಕ್ಕೆ ಬಂದೊಡನೆ ಪ್ರೇಕ್ಷಕಶಾಲೆಯು ಹಗುರಾಗುವುದು. ಪಂಡಿತನ ಪಾತ್ರವನ್ನು ವಹಿಸಿದ ರೆಕ್ಸ್ ಹ್ಯಾರಿಸನ್ ಗಾಯಕನಲ್ಲದುದರಿಂದ ಹಾಡುಗಳನ್ನು ಮಾತಿನಂತೆ, ಆದರೆ ಲಯ ತಪ್ಪದಂತೆ, ನುಡಿದು ಮೆಚ್ಚಿಗೆಯನ್ನು ಪಡೆದನು. ನಮ್ಮ ಹಾಸ್ಯಗಾರರ ಅರ್ಧ ಮಾತು ಅರ್ಧ ಹಾಡಿನ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು.

ಆದರೆ ಎರಡು ಬಾಳುಗಳಿಗೂ ಒಂದು ದೊಡ್ಡ ಅಂತರವುಂಟು. ‘ಮೈ ಫೇರ್ ಲೇಡಿ’ಯು ಆ ಒಂದೇ ನಗರದಲ್ಲಿ ೨೭೧೭ ಸಲ ನಡೆಯಿತು. ಬ್ರಾಡ್‌ವೇಯ ನಟನು ಒಂದೇ ಊರಿನಲ್ಲಿ, ಒಂದೇ ಕಟ್ಟಡದಲ್ಲಿ, ಒಂದೇ ಪಾತ್ರವನ್ನು ವರ್ಷಗಟ್ಟಲೆ ಮಾಡುತ್ತಿರುವನು. ಜನರೇ ಬದಲಾಗುತ್ತ ಬರುವರು. ಕಂಪನಿಯ ನಟನ ಮುಂದೆ ಊರು ಬದಲಾಗುತ್ತದೆ, ಮುಕ್ಕಾಮಿನಲ್ಲಿರುವಷ್ಟು ಕಾಲವೂ ಅದೇ ಜನರೇ ಮತ್ತೆ ಮತ್ತೆ ಬರುವುದರಿಂದ ನಾಟಕವು ಬದಲಾಗಬೇಕಾಗುತ್ತದೆ. ಇಂದು ಕಳ್ಳನಾದವನು ನಾಳೆ ಮಕರಂದ, ನಾಡಿದ್ದು ಮತ್ತಾವನೋ. ಹತ್ತು ಹದಿನೈದು ನಾಟಕಗಳು ತಲೆಯಲ್ಲಿ ಸಿದ್ಧವಾಗಿರಬೇಕು. ಇನ್ನು ಊರನ್ನು ಬದಲಿಸುವುದೆಂದರೆ ಸಾಮಾನ್ಯವಲ್ಲ. ಪರದೆಗಳ ಸುರುಳಿಗಳು, ತಗಡಿನ ಹಾಳೆಗಳು, ಕುರ್ಚಿ ಬೆಂಚುಗಳು, ಅಡುಗೆಯ ಪಾತ್ರೆಗಳು ಇವುಗಳಿಗೆ ರೈಲಿನ ಗೂಡ್ಸು ಡಬ್ಬಿಗಳು ಬೇಕು. ಮುಂಬಯಿ–ಮದರಾಸು ರೈಲುದಾರಿಯು ವಾಡಿ, ಯಾದಗಿರಿ, ರಾಯಚೂರುಗಳ ಮೇಲೆ ಹಾದುಹೋಗಿದೆ. ಶಹಾಪುರ ಸುರಪುರಗಳಿಗೆ ಆ ಸೌಕರ್ಯವಿರಲಿಲ್ಲ. ರೈಲಿನಿಂದ ಇಳಿದ ಮೇಲೆ ಎತ್ತಿನ ಗಾಡಿಗಳೇ ಗತಿ, ನಡುವೆ ಭೀಮಾನದಿ. ಹೀಗಾಗಿ ಇಂತಹ ಊರುಗಳಿಗೆ ಒಗ್ಗುತ್ತಿದ್ದುವು ಹಗುರವಾದ ಸಾಮಾನಿನ ಸಣ್ಣ ಕಂಪನಿಗಳು. ಸಾಮಾನು ಹಗುರವಾದಷ್ಟೂ ಮಾತಿನ ಮೇಲೆ ಭಾರ ಹೆಚ್ಚು. ಆನೆಯನ್ನು ತರಲಾರದ ಕಂಪನಿಗೆ ಒಳ್ಳೆಯ ಹಾಸ್ಯಗಾರನೇ ಆನೆ.

ಚಲಚ್ಚಿತ್ರದ ಸಂಗತಿಯನ್ನು ಬೇಗನೆ ಹೇಳಿಬಿಡಬಹುದು. ಮಾತಿಲ್ಲದ ಚಿತ್ರಗಳ ಕಾಲದಲ್ಲಿಯೇ ವೀರಣ್ಣನವರು ಬೆಂಗಳೂರಿನಲ್ಲಿ ಚಿತ್ರನಿರ್ಮಾಣಕ್ಕೆ ಕೈಹಾಕಿದರು. ಮಾತೇ ಬಲವಾದ ನಟನು ಮೂಕಚಿತ್ರಕ್ಕೆ ಹಣವನ್ನು ತೊಡಗಿಸಿದುದು ಯಜಮಾನನ ಧೈರ್ಯವೇ ಹೊರತು ನಟನ ಲೆಕ್ಕಾಚಾರವಲ್ಲ. ೧೯೩೫ರಲ್ಲಿ ‘ಸದಾರಮೆ’ಯು ಮಾತಿನ ಚಿತ್ರವಾಗಿ ಬಂದಿತು, ೧೯೪೧ರಲ್ಲಿ ‘ಸುಭದ್ರಾ’, ೧೯೪೫ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’. ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರು ನಾಡಿಗೆ ಪರಿಚಿತರಾದರು. ಬೇಡನಾಯಕರ ನಾಡಾದ ಸುರಪುರದವರಿಗೆ ಆ ಬೇಡನ ಕಥೆಯಲ್ಲಿ ಸ್ವಲ್ಪ ಹೆಚ್ಚಿನ ಮಮತೆಯಿದ್ದರೆ ಆಶ್ಚರ್ಯವಿಲ್ಲ. ಚಿತ್ರದಲ್ಲಿ ಹಾಸ್ಯಗಾರನಿಗೆ ಒದಗುವ ನಷ್ಟವೇನೆಂದರೆ, ಅವನು ಒಂದು ಸಲ ಆಡಿದುದೇ ಎಂದೆಂದಿಗೂ ನಿಲ್ಲುವುದು. ಯಾದಗಿರಿಯಲ್ಲಿ ಒಂದು ಮಾತು, ತುಮಕೂರಿನಲ್ಲಿ ಇನ್ನೊಂದು ಮಾತು ಎಂಬ ಸ್ವಾತಂತ್ರ್ಯವು ಅಲ್ಲಿಲ್ಲ. ರೇಡಿಯೋದಲ್ಲಿಯಂತೂ ಹಾಸ್ಯದ ಅರ್ಧಭಾಗವಾದ ಮುಖವೇ ಕಾಣದು. ಈ ಪೆಟ್ಟಿಗೆಯ ಮುಂದೆ ಕುಳಿತವರೆಲ್ಲರೂ ಅದನ್ನು ಬಲ್ಲರು.

೧೯೫೫ರಲ್ಲಿ ವೀರಣ್ಣನವರಿಗೆ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ಸಂದಿತು. ೧೯೭೨ರಲ್ಲಿ ಪದ್ಮಶ್ರೀ ಬಿರುದು ದೊರೆಯಿತು. ಅದೇ ವರ್ಷದ ಅಕ್ಟೋಬರ್ ೧೮ರಂದು ಅವರು ತೀರಿಕೊಂಡರು. ತಮ್ಮ ಆತ್ಮಕಥೆಗೆ ಅವರು ಕೊಟ್ಟ ಹೆಸರು ‘ಕಲೆಯೇ ಕಾಯಕ’. ಶರಣರ ಮಾತನ್ನು ಹಾಸ್ಯಗಾರನೊಬ್ಬನು ತನ್ನ ಕಸುಬಿಗೆ ಅನ್ವಯಿಸಿಕೊಂಡ ಪರಿಯನ್ನು ಗಮನಿಸಬೇಕು. ಪೂಜೆಯೆಂದೋ ಸೇವೆಯೆಂದೋ ಅವರು ಹೇಳಲಿಲ್ಲ, ಕಾಯಕವೆಂದರು. ಕಾಯಕವೆಂದರೆ ದಿನದಿನವೂ ಮಾಡತಕ್ಕುದು, ಮಾಡಿ ಉಣ್ಣತಕ್ಕುದು, ಉಂಡು ಉಳಿದುದನ್ನು ಹಂಚತಕ್ಕುದು.

ವೀರಣ್ಣನವರ ತರುವಾಯ ಹಾಸ್ಯದ ಗತಿಯೇನಾಯಿತೆಂದು ಕೇಳುವವರುಂಟು. ಕೆ. ಹಿರಣ್ಣಯ್ಯನವರ ಮಗನಾದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಹಾಸ್ಯಗಾರನ ನಾಲಗೆಯನ್ನು ಆಳುವವರ ಕಡೆಗೆ ತಿರುಗಿಸಿ, ೨೦೧೯ರಲ್ಲಿ ತೀರಿಕೊಳ್ಳುವ ತನಕವೂ ಆ ಹೆಸರಿಗೆ ತಕ್ಕಂತೆ ಬಾಳಿದರು. ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಹೊಸ ಕಾಲದ ರಂಗಕ್ಕೆ ಮತ್ತೆ ತಂದರು. ಆದರೆ ಉತ್ತರದ ಕಡೆಯ ಜಾತ್ರೆಗಳಲ್ಲಿ, ವಿಶೇಷವಾಗಿ ಬಾದಾಮಿಯ ಬಳಿಯ ಬನಶಂಕರಿಯಲ್ಲಿ, ಇಂದಿಗೂ ಡೇರೆ ಹಾಕುವ ಕೆಲವು ಕಂಪನಿಗಳ ಹಾಸ್ಯದಲ್ಲಿ ಎರಡರ್ಥದ ಮಾತುಗಳು ಹೆಚ್ಚಿದುದನ್ನು ಕಂಡು ಸಭ್ಯರು ಮೂಗುಮುರಿಯುವುದುಂಟು. ಅವರ ಆಕ್ಷೇಪಣೆಯು ನಿರಾಧಾರವಾದುದಲ್ಲ. ಆದರೂ ನಾವು ಹೇಳುವುದಿಷ್ಟು: ನಾಯಕನ ಹಾಡುಗಳು ಕಡಮೆಯಾಗುತ್ತ ಬಂದು, ಆತನ ಭಾಷೆಯೂ ಬೀದಿಗೆ ಇಳಿದ ಮೇಲೆ, ಹಾಸ್ಯಗಾರನಿಗೆ ಎದುರಾಗಿ ನಿಲ್ಲುವ ಎತ್ತರವೇ ಇಲ್ಲವಾಯಿತು. ಅರಮನೆಯ ಭಾಷೆಯು ಪಕ್ಕದಲ್ಲಿದ್ದಾಗ ಸಂತೆಯ ಮಾತಿಗೆ ಸಹಜವಾಗಿಯೇ ಕಳೆಯೇರುತ್ತಿದ್ದಿತು. ಅದು ಹೋದ ಮೇಲೆ ನಗಿಸುವುದಕ್ಕೆ ಹೆಚ್ಚು ಖಾರವು ಬೇಕಾಯಿತು.

ಈ ಎತ್ತರ ತಗ್ಗುಗಳ ಕ್ರಮವು ಇನ್ನೂ ಕೆಡದೆ ಉಳಿದಿರುವುದು, ನಾವು ಕಂಡಂತೆ, ಹಳ್ಳಿಯ ನಾಟಕಗಳಲ್ಲಿ. ೨೦೦೯ರ ಕಡೆಯಲ್ಲಿ ಯಾದಗಿರಿಯು ಬೇರೊಂದು ಜಿಲ್ಲೆಯಾಯಿತು; ಶಹಾಪುರ ಸುರಪುರಗಳು ಅದರೊಳಗೆ ಸೇರಿದುವು. ಸುಗ್ಗಿಯು ಮುಗಿದು, ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ, ಅದರ ಹಿಂದೆಯೇ ತಿಂಥಣಿಯ ಮೌನೇಶ್ವರನ ಜಾತ್ರೆ ಹೀಗೆ ಒಂದೊಂದೂ ಬರುವಾಗ, ಈ ಸೀಮೆಯ ಹಳ್ಳಿಗಳ ತರುಣರು ತಾಲೀಮಿಗೆ ತೊಡಗುವರು. ಪಾತ್ರಧಾರಿಗಳೇ ಹಣವನ್ನು ಹಾಕುವರು. ಸೀನರಿಯು ಬಾಡಿಗೆಯದು, ಪೇಟಿ ಮಾಸ್ತರರು ಬೇರೆ ಊರಿನವರು, ನಾಯಿಕೆಯ ಪಾತ್ರಕ್ಕೆ ಕಂಪನಿಯಲ್ಲಿ ಪಳಗಿದ ನಟಿಯನ್ನು ಸಂಭಾವನೆ ಕೊಟ್ಟು ಕರೆಸುವರು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯಂತಹ ಪೌರಾಣಿಕ ನಾಟಕವಾದರೆ ದುರ್ಯೋಧನ, ಅಶ್ವತ್ಥಾಮರ ಆ ಉದ್ದನೆಯ ಮಾತುಗಳನ್ನು ಹೊಲದಿಂದ ಬಂದ ಹುಡುಗರು ಒಂದಕ್ಷರವೂ ಜಾರದಂತೆ ಒಪ್ಪಿಸುವರು. ಹಾಸ್ಯದ ಪಾತ್ರವೊಂದಕ್ಕೆ ಮಾತ್ರ ಮಾಸ್ತರರು ಪುಸ್ತಕವನ್ನು ಮುಚ್ಚಿಟ್ಟು, ಊರಿನಲ್ಲಿ ಚಾವಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ನಗಿಸುವವನು ಯಾರೆಂದು ವಿಚಾರಿಸುವರು. ಅವನನ್ನು ಕರೆತರುವರು. ಅವನಿಗೆ ತಾಳವನ್ನು ಕಲಿಸುವುದೇ ಮಾಸ್ತರರ ಕೆಲಸ, ಮಾತನ್ನು ಕಲಿಸಬೇಕಾದುದಿಲ್ಲ.